ಅರಿಶಿನ ಹಚ್ಚಿ ಕೊಟ್ಟ ಗಾಡಿ

ನಮ್ಮ ಗಾಡಿ ಕಥೆ ಬರೀತೀನಿ ಅಂತ ಇಬ್ಬರು ಮೂವರು ಗೆಳೆಯರಿಗೆ ಮಾತು ಕೊಟ್ಟು ಸುಮಾರು ದಿನ ಆಯ್ತು. "ಆಮೇಲೆ ಏನಾಯ್ತೋ, ದುಡ್ಡು ವಾಪಸ್ ಬಂತಾ?" ಅಂತ ಫೋನ್ ಮಾಡಿದಾಗೆಲ್ಲ ಕೇಳ್ತಾರೆ. ಪ್ರತಿ ಸಲ ಮೊದಲಿಂದ ಹೇಳೋ ಬದಲು ಒಂದ್ಸಲ ಬರೆದುಬಿಡೋದೇ ವಾಸಿ. ಸ್ವಲ್ಪ ಉದ್ದ ಆಗುತ್ತೆ, ಸಹಿಸ್ಕೊಳ್ಳಿ.

ನಮ್ಮದು ಮಸ್ಕಿ. ಅಶೋಕನ ಶಾಸನದ ಮಸ್ಕಿ ಅಂದ್ರೆ ಶಾಲೇಲಿ ಚರಿತ್ರೆ ಓದಿದವರಿಗೆಲ್ಲ ನೆನಪಾಗುತ್ತೆ. ಆದ್ರೂ ಬೆಂಗಳೂರಿನ ಆಫೀಸಿನಲ್ಲಿ "ಅದು ಎಲ್ಲಿ ಬರುತ್ತೆ?" ಅನ್ನೋ ಪ್ರಶ್ನೆ ತಪ್ಪಿದ್ದಲ್ಲ. ಒಂದು ಕಡೆ ಸಿಂಧನೂರು, ಇನ್ನೊಂದು ಕಡೆ ಲಿಂಗಸುಗೂರು, ನಡುವೆ ನಾವು. ಮೂರನ್ನೂ ಪೋಣಿಸೋದು 150ಎ ಹೆದ್ದಾರಿ. ಭತ್ತ, ಅಕ್ಕಿ ಗಿರಣಿ, ಟ್ರ್ಯಾಕ್ಟರ್, ದವಾಖಾನೆ ಬೇಕಂದ್ರೆ ಸಿಂಧನೂರು. ಎಸಿ ಆಫೀಸು, ಕೋರ್ಟು ಅಂದ್ರೆ ಲಿಂಗಸುಗೂರು. ಮಸ್ಕಿ ಈಗ ತಾಲೂಕಾಗಿದ್ರೂ ನಮ್ಮ ಹಿರಿಯರ ಬಾಯಲ್ಲಿ ಇನ್ನೂ "ಲಿಂಗಸುಗೂರು ತಾಲೂಕು" ಅಂತಾನೇ ಬರುತ್ತೆ.

ಅಪ್ಪ ಪ್ರೈಮರಿ ಶಾಲೆ ಮಾಸ್ತರಾಗಿ ರಿಟೈರ್ ಆದವರು. ಅವ್ವನಿಗೆ ಸಕ್ಕರೆ ಕಾಯಿಲೆ, ಅದರ ಜೊತೆ ಕಣ್ಣಿನ ತೊಂದರೆ. ಹದಿನೈದು ದಿನಕ್ಕೊಮ್ಮೆ ಸಿಂಧನೂರಿಗೆ ಹೋಗಲೇಬೇಕು. ಏಪ್ರಿಲ್ ತಿಂಗಳ ಮಧ್ಯಾಹ್ನ ಬಸ್ ಸ್ಟ್ಯಾಂಡಿನಲ್ಲಿ ನಿಲ್ಲೋದು ಅಂದ್ರೆ ಏನು ಅಂತ ನಮ್ಮ ಕಡೆಯವರಿಗೆ ಹೇಳಬೇಕಾಗಿಲ್ಲ. ಹಂಗಾಗಿ ಅಪ್ಪ ನಿವೃತ್ತಿ ದುಡ್ಡಿನಲ್ಲಿ ಒಂದು ಕಾರು ತಗೊಂಡ್ರು, 2024ರ ಮಾರ್ಚಿನಲ್ಲಿ. 2016ರ ಮಾಡೆಲ್ ಡೀಸೆಲ್ ಗಾಡಿ, ಬೆಂಗಳೂರು ನಂಬರು, 3 ಲಕ್ಷ 85 ಸಾವಿರ. ಮೀಟರಿನಲ್ಲಿ 61,400 ಕಿಲೋಮೀಟರ್. (ಕಂಪನಿ ಹೆಸರು ಬೇಡ, ಪಾಪ ಅದರ ತಪ್ಪೇನೂ ಇಲ್ಲ.)

ಮಾರಿದವನು ಲಿಂಗಸುಗೂರಿನಲ್ಲಿ ಹಳೇ ಗಾಡಿ ವ್ಯಾಪಾರ ಮಾಡೋ ಒಬ್ಬ ಡೀಲರ್. ಅವನ ಹೆಸರೂ ಬೇಡ. ಅವನು ಆರನೇ ಇಯತ್ತೆಯಲ್ಲಿ ಅಪ್ಪನ ವಿದ್ಯಾರ್ಥಿ ಆಗಿದ್ದ ಅನ್ನೋದಷ್ಟೇ ಇಲ್ಲಿ ಮುಖ್ಯ. "ಸರ್, ನಿಮಗ ಸುಳ್ಳು ಹೇಳ್ತೀನೇನ್ರಿ? ನಿಮ್ಮ ಕೈಯಾಗ ಬಡಸಿಕೊಂಡು ಕಲ್ತಾಂವ ನಾನು" ಅಂದನಂತೆ. ಅಪ್ಪನಿಗೆ ಅದಕ್ಕಿಂತ ದೊಡ್ಡ ವಾರಂಟಿ ಇನ್ನೇನು ಬೇಕು?

ಅಂಬಾಮಠಕ್ಕೆ ಹೋಗಿ ಪೂಜೆ ಮಾಡಿಸಿ, ನಾಲ್ಕು ಗಾಲಿಗೆ ನಾಲ್ಕು ನಿಂಬೆಹಣ್ಣು ಇಟ್ಟು ಹತ್ತಿಸಿದ್ದಾಯ್ತು. ಇಲ್ಲೊಂದು ತಮಾಷೆ ಹೇಳಬೇಕು. ತಗೊಂಡ ಮೇಲೆ ಕೈಕೊಡೋ ಗಾಡಿಗೆ ಅಮೆರಿಕದಲ್ಲಿ 'ಲೆಮನ್' ಅಂತಾರೆ, ಅಂದ್ರೆ ನಿಂಬೆಹಣ್ಣು! ಜಾರ್ಜ್ ಅಕರ್ಲಾಫ್ ಅನ್ನೋ ಅರ್ಥಶಾಸ್ತ್ರಜ್ಞ 1970ರಲ್ಲಿ ಈ ನಿಂಬೆಹಣ್ಣಿನ ಸಂತೆ ಬಗ್ಗೆಯೇ ಒಂದು ಲೇಖನ ಬರೆದ. ಮೂರು ಪತ್ರಿಕೆಗಳು ಬೇಡ ಅಂತ ವಾಪಸ್ ಕಳಿಸಿದ್ವಂತೆ. 2001ರಲ್ಲಿ ಅವನಿಗೆ ನೊಬೆಲ್ ಬಂತು. ಅವನು ಹೇಳಿದ್ದು ಇಷ್ಟೇ: ಗಾಡಿ ಒಳಗಿನ ಹುಳುಕು ಮಾರೋನಿಗೆ ಗೊತ್ತು, ಕೊಳ್ಳೋನಿಗೆ ಗೊತ್ತಿಲ್ಲ. ಅದಕ್ಕೆ ಕೊಳ್ಳೋನು ಎಲ್ಲ ಗಾಡಿಗೂ ಒಂದು ಅಂದಾಜಿನ ನಡುಮಧ್ಯದ ರೇಟು ಕಟ್ತಾನೆ. ಆ ರೇಟಿಗೆ ಒಳ್ಳೆ ಗಾಡಿ ಇಟ್ಕೊಂಡವನು ಮಾರೋಕೆ ಒಪ್ಪಲ್ಲ, ಮನೇಲೇ ಇಟ್ಕೋತಾನೆ. ಕೊನೆಗೆ ಸಂತೆಯಲ್ಲಿ ಉಳಿಯೋದು ಬರೀ ಹುಳುಕಿನವು. ಇದಕ್ಕೆ ಗ್ಯಾರಂಟಿ, ಬ್ರ್ಯಾಂಡು ಅಂತೆಲ್ಲ ಮದ್ದು ಹೇಳ್ತಾನೆ. ನಮ್ಮ ಕಡೆಯ ಮದ್ದು ಬೇರೆ: ಪರಿಚಯ. ಬೀಗರ ಕಡೆಯವನು, ಊರವನು, ಶಿಷ್ಯ. ಆ ಮದ್ದೇ ಕೈಕೊಟ್ರೆ ಏನು ಮಾಡೋದು ಅಂತ ಅಕರ್ಲಾಫ್ ಬರೆದಿಲ್ಲ :-)

ಯುಗಾದಿ ಮುಗಿದ ಮೇಲೂ ನಾನು ಊರಲ್ಲೇ ಇದ್ದು ಆಫೀಸ್ ಕೆಲಸ ಮಾಡ್ತಿದ್ದೆ. ಒಂದು ದಿನ ಅವ್ವನ್ನ ಸಿಂಧನೂರಿಗೆ ತೋರಿಸಿ ವಾಪಸ್ ಬರೋವಾಗ ಟೆಂಪರೇಚರ್ ಮುಳ್ಳು ಏರೋಕೆ ಶುರುವಾಯ್ತು. ಏಸಿ ಬಂದ್ ಮಾಡಿದೆ, ಇಳೀಲಿಲ್ಲ. ಬಾನೆಟ್ ಸಂದಿಯಿಂದ ಹಬೆ ಬಂತು. ರಸ್ತೆ ಬದಿ ನಿಲ್ಲಿಸಿದೆ. ಮಧ್ಯಾಹ್ನ ಒಂದು ಗಂಟೆ, ಸುತ್ತ ಒಂದು ಗಿಡ ಇಲ್ಲ. ಕಣ್ಣಿಗೆ ಔಷಧಿ ಹಾಕಿಸಿಕೊಂಡು ಬಂದ ಅವ್ವ ಸೆರಗು ಮುಖಕ್ಕೆ ಹಿಡ್ಕೊಂಡು ಕೂತಿದ್ರು. "ಏನಾಗೇತಪಾ?" ಅಂತ ಒಂದೇ ಸಲ ಕೇಳಿದ್ರು, ಮತ್ತೆ ಕೇಳಲಿಲ್ಲ. ಒಬ್ಬ ಟ್ರ್ಯಾಕ್ಟರಿನವನು ನಿಲ್ಲಿಸಿ, "ಈಗ ಮುಚ್ಚಳ ತೆಗೀಬ್ಯಾಡ್ರಿ, ಮಾರಿ ಮ್ಯಾಲೆ ಹಾರತೈತಿ" ಅಂತ ಹೇಳಿ, ಅರ್ಧ ಗಂಟೆ ನಮ್ಮ ಜೊತೆ ನಿಂತು, ತನ್ನ ಕ್ಯಾನಿನ ನೀರೆಲ್ಲ ಕೊಟ್ಟು ಹೋದ. ಅವನ ಹೆಸರು ಕೇಳೋದು ಮರೆತೇ ಹೋಯ್ತು.

ಮರುದಿನ ಗಾಡಿನ ಎಳೆಸಿಕೊಂಡು ಸಿಂಧನೂರಿನ ಗ್ಯಾರೇಜಿಗೆ ಹೋದ್ವಿ. ಮೇಸ್ತ್ರಿ ರೇಡಿಯೇಟರ್ ನೀರು ಬಸಿದು ಬಿಟ್ಟ. ಹಳದಿ ರಾಡಿ. ಬೆರಳಿಗೆ ಹಚ್ಚಿಕೊಂಡು ಮೂಸಿ ನೋಡಿ ನಕ್ಕ.

"ಅರಿಶಿನ ರೀ ಸರ್. ಅರಿಶಿನ ಹಚ್ಚಿ ಮದುವಿ ಮಾಡಿ ಕೊಟ್ಟಾರ ನಿಮಗ."

ಸೋರೋ ರೇಡಿಯೇಟರಿಗೆ ಅರಿಶಿನ ಪುಡಿ ಹಾಕೋದು ಲಾರಿ ಡ್ರೈವರ್‌ಗಳ ಹಳೇ ಉಪಾಯ. ಪುಡಿ ನೀರಿನ ಜೊತೆ ಸುತ್ತಿ ಸುತ್ತಿ ಸಣ್ಣ ತೂತಿನಲ್ಲಿ ಹೋಗಿ ಕೂತು ಗಟ್ಟಿಯಾಗುತ್ತೆ. ಗ್ಯಾರೇಜ್ ಮುಟ್ಟೋ ತನಕ ಸಾಕು. ಆದ್ರೆ ಪುಡಿಗೆ ಯಾವುದು ತೂತು, ಯಾವುದು ನಳಿಕೆ ಅಂತ ಗೊತ್ತಾಗಬೇಕಲ್ಲ? ನೀರು ಹರಿಯೋ ಸಣ್ಣ ನಳಿಕೆಗಳೂ ಕಟ್ಟಿಕೊಳ್ಳುತ್ವೆ. ಎಂಜಿನ್ ಕಾದು ಕಾದು ಹೆಡ್ ಗ್ಯಾಸ್ಕೆಟ್ ಹೋಗಿತ್ತು. ಹೊಸ ರೇಡಿಯೇಟರ್, ಗ್ಯಾಸ್ಕೆಟ್, ಹೆಡ್ ಫೇಸಿಂಗ್, ಥರ್ಮೋಸ್ಟಾಟ್, ಕೂಲಿ ಎಲ್ಲ ಸೇರಿ 46,500. ಅದೂ ತಗೊಂಡ ಎರಡನೇ ತಿಂಗಳಿಗೆ.

ಅಷ್ಟಕ್ಕೇ ಮುಗೀಲಿಲ್ಲ. ಮೇಸ್ತ್ರಿ ಕಣ್ಣು ಬ್ರೇಕ್ ಪೆಡಲ್ ಮೇಲೆ ಬಿತ್ತು. "ಅರವತ್ತು ಸಾವಿರ ಓಡಿದ ಗಾಡಿ ಪೆಡಲ್ ರಬ್ಬರ್ ಹಿಂಗ ಸವೀತೈತೇನ್ರಿ?" ಅಂದ. ಸ್ಟೀರಿಂಗ್ ಕೂಡ ಅಂಗೈ ಇಡೋ ಜಾಗದಲ್ಲಿ ಕನ್ನಡಿ ಥರ ನುಣ್ಣಗೆ. ಆರ್‌ಸಿ ತೋರಿಸಿ ಕಂಪನಿ ಸರ್ವಿಸ್ ಸೆಂಟರಿನಲ್ಲಿ ಹಳೇ ದಾಖಲೆ ತೆಗೆಸಿದೆ. 2021ರ ನವೆಂಬರಿನಲ್ಲೇ ಸರ್ವಿಸಿಗೆ ಬಂದಾಗ ಓಡಿದ್ದು 1,27,860.

ಹಳೇ ಕಾಲದ ಮೀಟರ್‌ಗಳಲ್ಲಿ ಅಂಕಿಯ ಗಾಲಿ ಇರ್ತಿತ್ತು, ಅದನ್ನ ಕೈಯಿಂದ ಹಿಂದಕ್ಕೆ ತಿರುಗಿಸ್ತಿದ್ರು. ಈಗ ಆ ಸಂಖ್ಯೆ ಮೀಟರ್ ಬೋರ್ಡಿನ ಒಂದು ಸಣ್ಣ ಮೆಮೊರಿ ಚಿಪ್‌ನಲ್ಲಿ ಕೂತಿರುತ್ತೆ. ಅದನ್ನ ಓದಿ, ಬೇರೆ ಸಂಖ್ಯೆ ಬರೆದು ಬಿಡೋ ಉಪಕರಣ ಬಜಾರಿನಲ್ಲಿ ಸಿಗುತ್ತೆ. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ ಡೇಟಾಬೇಸಿನಲ್ಲಿ ಒಂದೇ ಒಂದು ಅಪ್‌ಡೇಟ್, ಲಾಗ್ ಇಲ್ಲ. ಆದ್ರೆ ಬೇರೆ ಕಡೆ ಒಂದು ಕಾಪಿ ಉಳಿದಿರುತ್ತೆ ಅನ್ನೋದನ್ನ ಕಳ್ಳ ಯಾವಾಗಲೂ ಮರೀತಾನೆ. ಇಲ್ಲಿ ಉಳಿದದ್ದು ಸರ್ವಿಸ್ ಸೆಂಟರಿನ ಕಂಪ್ಯೂಟರಿನಲ್ಲಿ.

ಆರ್‌ಸಿ ಇನ್ನೂ ಬೆಂಗಳೂರಿನ ಮೊದಲನೇ ಮಾಲೀಕರ ಹೆಸರಲ್ಲೇ ಇತ್ತು. ಸಹಿ ಮಾಡಿದ ಖಾಲಿ ಫಾರಂ 29, 30 ಕೊಟ್ಟು "ಆಮ್ಯಾಲ ಮಾಡಿಸೋಣ ಬಿಡ್ರಿ" ಅಂದಿದ್ದ ಡೀಲರ್. ನಾನು ಆ ಮಾಲೀಕರನ್ನ ಹುಡುಕಿ ಫೋನ್ ಮಾಡಿದೆ. 2022ರಲ್ಲೇ ಮಾರಿದ್ದರಂತೆ. ಗಾಡಿ ಯಾರ ಕೈಯಲ್ಲಿದೆ ಅಂತಾನೇ ಅವರಿಗೆ ಗೊತ್ತಿರಲಿಲ್ಲ. ನನಗಿಂತ ಅವರಿಗೇ ಜಾಸ್ತಿ ಗಾಬರಿ. ಗಾಬರಿಯಲ್ಲಿ ಅರ್ಥ ಇದೆ. ನವೀನ್ ಕುಮಾರ್-ವಿಜಯ್ ಕುಮಾರ್ ಪ್ರಕರಣದಲ್ಲಿ 2018ರಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟವಾಗಿ ಹೇಳಿದೆ: ಅಪಘಾತ ಆದ್ರೆ ಆರ್‌ಟಿಓ ದಾಖಲೆಯಲ್ಲಿ ಯಾರ ಹೆಸರಿದೆಯೋ ಅವರೇ ಮಾಲೀಕರು, ಪರಿಹಾರದ ಹೊಣೆಯೂ ಅವರದೇ.

ನಾನು ಕೂತು ಓದಿದೆ. (ಎಂಜಿನಿಯರಿಂಗ್ ಪರೀಕ್ಷೆಗೂ ಇಷ್ಟು ಓದಿರಲಿಲ್ಲ!) 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಜಾರಿಗೆ ಬಂದಿದ್ದು 2020ರ ಜುಲೈನಲ್ಲಿ. ವಸ್ತುವಿನ ಬಗ್ಗೆ ಸುಳ್ಳು ಹೇಳಿ ಮಾರೋದು ಅದರಲ್ಲಿ 'ಅನುಚಿತ ವ್ಯಾಪಾರ ಪದ್ಧತಿ'. ನಾವು ವಾಸ ಮಾಡೋ ಜಿಲ್ಲೆಯಲ್ಲೇ, ಅಂದ್ರೆ ರಾಯಚೂರಿನಲ್ಲೇ, ದೂರು ಕೊಡಬಹುದು. 5 ಲಕ್ಷದ ಒಳಗಿನ ವ್ಯವಹಾರಕ್ಕೆ ಶುಲ್ಕ ಇಲ್ಲ, ವಕೀಲರೇ ಬೇಕು ಅಂತಲೂ ಇಲ್ಲ, ಎರಡು ವರ್ಷದ ಒಳಗೆ ಕೊಡಬೇಕು ಅಷ್ಟೇ. ಇನ್ನೊಂದು ವಿಷಯ: 2023ರ ಏಪ್ರಿಲ್ 1ರಿಂದ ಹಳೇ ಗಾಡಿ ಡೀಲರ್‌ಗಳು ಆರ್‌ಟಿಓದಿಂದ ಅಧಿಕಾರ ಪತ್ರ ತಗೊಂಡಿರಬೇಕು. ಮಾಲೀಕನಿಂದ ಗಾಡಿ ಕೈಗೆ ಬಂದ ತಕ್ಷಣ ಆನ್‌ಲೈನಿನಲ್ಲಿ ತಿಳಿಸಬೇಕು. ಅಲ್ಲಿಂದ ಮಾರೋ ತನಕ ಹೊಣೆ ಡೀಲರಿನದೇ. ಇದನ್ನ ಮುಂದೆ ಅವನಿಗೇ ಕೇಳಿದಾಗ "ಈ ಕಡೆ ಯಾರ ಹತ್ರ ಐತ್ರಿ ಅದು?" ಅಂತ ನನಗೇ ಕೇಳಿದ.

ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ನಂಬರ್ 1915. ನಮ್ಮೂರಲ್ಲಿ ಅಶೋಕನ ಶಾಸನ ಸಿಕ್ಕಿದ್ದೂ 1915ರಲ್ಲೇ, ಬೀಡನ್ ಅನ್ನೋ ಚಿನ್ನದ ಗಣಿ ಎಂಜಿನಿಯರಿಗೆ. ಹಾಗಾಗಿ ನನಗೆ ಈ ನಂಬರ್ ಜನ್ಮದಲ್ಲಿ ಮರೆಯಲ್ಲ.

ಎಲ್ಲ ಕಾಗದ ಜೋಡಿಸಿ ಅಪ್ಪನ ಮುಂದೆ ಇಟ್ಟೆ. ಸರ್ವಿಸ್ ದಾಖಲೆ, ಮೇಸ್ತ್ರಿ ಬರೆದುಕೊಟ್ಟ ಚೀಟಿ, ಹಳದಿ ನೀರಿನ ಫೋಟೋ, "ಜೆನ್ಯೂನ್ 61 ಸಾವಿರ ಸರ್" ಅಂತ ಡೀಲರ್ ಕಳಿಸಿದ್ದ ವಾಟ್ಸಾಪ್. ಅಪ್ಪ ಬಹಳ ಹೊತ್ತು ಮಾತಾಡಲಿಲ್ಲ.

"ಅವನ ಮ್ಯಾಲ ಕೇಸ್ ಹಾಕ್ತೀಯೇನು? ಅವರಪ್ಪ ಸಂತ್ಯಾಗ ಕಂಡ್ರ ಇವತ್ತೂ ಕೈ ಮುಗೀತಾನ ನನಗ."

"ಮೊದಲು ನೋಟೀಸ್ ಕೊಡೋಣ ಅಪ್ಪ. ಕೇಸ್ ಆಮೇಲಿನ ಮಾತು."

ದುಡ್ಡು ಹೋಗಿದ್ದಕ್ಕಿಂತ ಅಪ್ಪನಿಗೆ ನೋವಾಗಿದ್ದು ಬೇರೆ ಅಂತ ನನಗೆ ಆವಾಗ ಗೊತ್ತಾಯ್ತು. ಮೂವತ್ತು ವರ್ಷ ಪಾಠ ಮಾಡಿದ ಮನುಷ್ಯ. "ನನ್ನ ಹುಡುಗ್ರು" ಅನ್ನೋದು ಅವರಿಗೆ ಬ್ಯಾಂಕಿನಲ್ಲಿಟ್ಟ ಠೇವಣಿ ಇದ್ದಂಗೆ.

ನಾನು ಬರೆದ ನೋಟೀಸ್ ಓದಿ ನಾಲ್ಕು ಕಾಗುಣಿತದ ತಪ್ಪಿಗೆ ಗುಂಡು ಸುತ್ತಿದ್ರು. 'ವಂಚನೆ', 'ಕ್ರಿಮಿನಲ್' ಅನ್ನೋ ಪದಗಳನ್ನೆಲ್ಲ ಹೊಡೆದು ಹಾಕಿದ್ರು. ಆಮೇಲೆ ಅದನ್ನೂ ಪಕ್ಕಕ್ಕೆ ಸರಿಸಿ ತಾವೇ ಬರೆದ್ರು. ಶಾಲೇಲಿ ರಜಾ ಚೀಟಿ ಬರೆಯೋಕೆ ನಮಗೆಲ್ಲ ಕಲಿಸಿದ್ದ ಅದೇ ನಮೂನೆ. ಇಂದ, ಗೆ, ವಿಷಯ. ಒಂದೇ ಪುಟ. ಇಂಥ ದಿನ ಇಷ್ಟು ಹಣ ಕೊಟ್ಟಿದ್ದೇನೆ, ನೀನು ಹೇಳಿದ್ದು ಇಷ್ಟು, ದಾಖಲೆ ಹೇಳೋದು ಇಷ್ಟು, ರಿಪೇರಿಗೆ ಆದದ್ದು ಇಷ್ಟು, ಹದಿನೈದು ದಿನದಲ್ಲಿ ಉತ್ತರ ಕೊಡತಕ್ಕದ್ದು, ಇಲ್ಲವಾದರೆ ರಾಯಚೂರಿನ ಗ್ರಾಹಕ ಆಯೋಗಕ್ಕೆ ಹೋಗುತ್ತೇನೆ. ರಿಜಿಸ್ಟರ್ಡ್ ಪೋಸ್ಟ್ ಮಾಡಿ ಸ್ವೀಕೃತಿ ಕಾರ್ಡ್ ವಾಪಸ್ ಬಂದ ಮೇಲೆ, ಒಂದು ಮುಂಜಾನೆ ಇಬ್ಬರೂ ಲಿಂಗಸುಗೂರಿಗೆ ಹೋದ್ವಿ. ಬಸ್ಸಿನಲ್ಲಿ.

ಡೀಲರ್ ಎದ್ದು ನಿಂತ. ಕುರ್ಚಿ ಒರೆಸಿದ, ಚಹಾ ತರಿಸಿದ. "ಇದನ್ಯಾಕ ಕಳಿಸಿದ್ರಿ ಸರ್, ಒಂದು ಫೋನ್ ಮಾಡಿದ್ರ ನಾನ ಬರ್ತಿದ್ನಲ್ರೀ" ಅಂದ.

"ಫೋನಿನ್ಯಾಗ ಹೇಳಿದ್ದು ನನಗ ನೆನಪಿರತೈತಿ, ನಿನಗ ಇರಂಗಿಲ್ಲ. ಅದಕ್ಕ ಬರದೀನಿ" ಅಂದ್ರು ಅಪ್ಪ.

ಮೀಟರ್ ನಾನು ತಿರುಗಿಸಿಲ್ಲ, ಬೆಂಗಳೂರಿನ ದಲ್ಲಾಳಿ ಕೊಟ್ಟಂಗೇ ನಿಮಗೆ ಕೊಟ್ಟೀನಿ ಅಂತ ವಾದಿಸಿದ. ನಿಜ ಇದ್ದರೂ ಇರಬಹುದು. 2022ರಿಂದ 2024ರ ತನಕ ಆ ಗಾಡಿ ಎಷ್ಟು ಕೈ ದಾಟಿತ್ತೋ. ನಾನು ಕಾಯ್ದೆ ಕಲಮು ಅಂತ ಬಾಯಿ ತೆರೆಯೋದರೊಳಗೆ ಅಪ್ಪ ಕೈ ಎತ್ತಿ ಸುಮ್ಮನಿರಿಸಿದ್ರು.

"ಅರಿಶಿನ ಹಾಕಿದಾಂವ ಯಾರು?"

ಅವನು ಮಾತಾಡಲಿಲ್ಲ. ನೆಲ ನೋಡ್ತಾ ನಿಂತ. ನಲವತ್ತರ ಹತ್ತಿರದ, ಕೊರಳಲ್ಲಿ ಚೈನು ಹಾಕಿದ ಮನುಷ್ಯ ಹೋಮ್‌ವರ್ಕ್ ಮಾಡದೆ ಬಂದ ಹುಡುಗನ ಹಂಗೆ ನಿಂತಿದ್ದು ನೋಡಿ, ಸುಳ್ಳು ಯಾಕೆ, ನನಗೇ ಒಂಥರಾ ಆಯ್ತು. ಅಪ್ಪನಿಗೆ ಹಾಗೇನೂ ಆದಂಗೆ ಕಾಣಲಿಲ್ಲ. ಉತ್ತರ ಬರೋ ತನಕ ಕಾದ್ರು.

ಕೊನೆಗೆ ರಿಪೇರಿ ಖರ್ಚು ಪೂರ್ತಿ 46,500, ಮೀಟರ್ ಲೆಕ್ಕಕ್ಕೆ 40 ಸಾವಿರ ವಾಪಸ್, ಆರ್‌ಸಿ ಅವನೇ ಮಾಡಿಸಿ ಕೊಡಬೇಕು ಅಂತ ಆಯ್ತು. ಅಪ್ಪ ಅದನ್ನೂ ಅಲ್ಲೇ ಬರೆಸಿ ಸಹಿ ಹಾಕಿಸಿಕೊಂಡ್ರು. ದುಡ್ಡು ಕಂತಿನಲ್ಲಿ ಬಂತು. ಕೊನೆಯ 10 ಸಾವಿರ ಬರಲೇ ಇಲ್ಲ. ಕೇಳೋಣ ಅಂದ್ರೆ ಅಪ್ಪ "ಇರ್ಲಿ ಬಿಡು" ಅಂತಾರೆ. ನಂದು ಇದರಲ್ಲಿ ಸಹಮತ ಇಲ್ಲ, ಆದ್ರೆ ದುಡ್ಡು ಅವರದು, ಶಿಷ್ಯನೂ ಅವರವನು.

ಆ ವರ್ಷ ದಸರೆಗೆ ಅವನು ಬನ್ನಿ ಕೊಡೋಕೆ ಮನೆಗೆ ಬಂದ. ಕಾಲಿಗೆ ಬಿದ್ದ. ಅಪ್ಪ ಬನ್ನಿ ಎಲೆ ಕಣ್ಣಿಗೊತ್ತಿಕೊಂಡು, "ಬಂಗಾರದಂಗ ಇರು" ಅಂತ ಹರಸಿ, ಅದೇ ಉಸಿರಿನಲ್ಲಿ "ಆರ್‌ಸಿ ಕಾರ್ಡ್ ಎಲ್ಲಿಗೆ ಬಂತು?" ಅಂತ ಕೇಳಿದ್ರು. ನವೆಂಬರಿನಲ್ಲಿ ಕಾರ್ಡ್ ಬಂತು. ಬೆಂಗಳೂರಿನ ಹಳೇ ಮಾಲೀಕರಿಗೆ ಫೋಟೋ ಕಳಿಸಿದೆ, ಕೈ ಮುಗಿಯೋ ಚಿತ್ರ ನಾಲ್ಕು ಕಳಿಸಿದ್ರು.

ಗಾಡಿ ಈಗ ಚೆನ್ನಾಗಿದೆ. ಅವ್ವ ಸಿಂಧನೂರಿಗೆ ಅದರಲ್ಲೇ ಹೋಗಿ ಬರ್ತಾರೆ. ಡ್ಯಾಶ್‌ಬೋರ್ಡಿನ ಡಬ್ಬಿಯಲ್ಲಿ ಅಪ್ಪ ಒಂದು ನೂರು ಪುಟದ ನೋಟ್‌ಬುಕ್ ಇಟ್ಟಿದ್ದಾರೆ. ಡೀಸೆಲ್ ಹಾಕಿಸಿದಾಗೆಲ್ಲ ಎರಡು ಸಂಖ್ಯೆ ಬರೀತಾರೆ. ಒಂದು ಮೀಟರ್ ತೋರಿಸೋದು, ಪಕ್ಕದಲ್ಲಿ ಅದಕ್ಕೆ 66,460 ಕೂಡಿಸಿದ್ದು. ಹೋದ ಸಲ ಊರಿಗೆ ಹೋದಾಗ ತೆಗೆದು ನೋಡಿದೆ. ಮೀಟರ್ 83,150. ಪಕ್ಕದಲ್ಲಿ ಕೆಂಪು ಪೆನ್ನಿನಲ್ಲಿ, ಕೆಳಗೆ ಗೆರೆ ಎಳೆದು, 1,49,610.