ಗಾಡಿಮನೆಯ ಗಾಲಿಗಳು

ಬೆಂಗಳೂರಿನ ಪಶ್ಚಿಮಭಾಗದಲ್ಲಿ ರಾಜಾಜಿನಗರವನ್ನು ದಾಟಿ ಉತ್ತರದ ಕಡೆಗೆ ನಡೆದವರಿಗೆ ಮಹಾಲಕ್ಷ್ಮಿ ಲೇಔಟ್ ಎಂಬ ಬಡಾವಣೆಯು ಎದುರಾಗುತ್ತದೆ. ಇಲ್ಲಿಯ ನೆಲವು ಮಟ್ಟಸವಾದುದಲ್ಲ. ಬೀದಿಗಳು ಏರುತ್ತವೆ, ಇಳಿಯುತ್ತವೆ, ಏರಿದೆಡೆಯಲ್ಲಿಯೇ ಥಟ್ಟನೆ ತಿರುಗುತ್ತವೆ. ದಿಬ್ಬದ ಮೇಲೆ ಒಂದೇ ಬಂಡೆಯಲ್ಲಿ ಕಡೆದ ಸುಮಾರು ೨೨ ಅಡಿ ಎತ್ತರದ ಪ್ರಸನ್ನ ವೀರಾಂಜನೇಯನು ನೆಲಸಿದ್ದಾನೆ. ಬಂಡೆಯು ಇದ್ದಲ್ಲಿಗೇ ಶಿಲ್ಪಿಗಳು ಬಂದು ಕೆಲಸಮಾಡಿದುದರಿಂದ ಸ್ವಾಮಿಗೆ ಪ್ರಯಾಣದ ಆಯಾಸವು ತಟ್ಟಲಿಲ್ಲ. ಅವನ ಪಾದದ ಕೆಳಗಿನ ಲೋಕಕ್ಕೆ ಆ ಭಾಗ್ಯವಿಲ್ಲ. ತುಮಕೂರು ರಸ್ತೆಯೂ ಯಶವಂತಪುರದ ಕೃಷಿ ಮಾರುಕಟ್ಟೆಯ ಪ್ರಾಂಗಣವೂ ಸಮೀಪದಲ್ಲಿಯೇ ಇರುವುದರಿಂದ ಹಗಲಿರುಳೂ ಲಾರಿಗಳ ಸದ್ದು. ೨೦೧೪ರ ಮಾರ್ಚಿಯಿಂದೀಚೆಗೆ ತಲೆಯ ಮೇಲೆ ಮೆಟ್ರೋ ರೈಲಿನ ಸದ್ದು. ಒಟ್ಟಿನಲ್ಲಿ ಇದು ಚಕ್ರಗಳ ನಡುವೆ ಬಾಳುವ ಬಡಾವಣೆ.

ಈ ಬಡಾವಣೆಯ ಒಂದು ಇಳಿಜಾರಿನ ಬೀದಿಯಲ್ಲಿ ನಮ್ಮ ಹಳೆಯ ಮಿತ್ರರೊಬ್ಬರ ಮನೆಯುಂಟು. ಅವರ ತಾಯಿಯವರಿಗೆ ೮೪ ವರ್ಷ. ಗೋಕರ್ಣಕ್ಕೆ ಹೋಗಿ ಒಮ್ಮೆ ಸಮುದ್ರಸ್ನಾನ ಮಾಡಿ ಮಹಾಬಲೇಶ್ವರನ ದರ್ಶನ ಪಡೆಯಬೇಕೆಂಬುದು ಆ ಹಿರಿಯರ ಬಹುಕಾಲದ ಬಯಕೆ. ಆದರೆ ಅಪರಿಚಿತವಾದ ಛತ್ರಗಳಲ್ಲಿ ಅವರಿಗೆ ನಿದ್ರೆ ಬಾರದು. ಎತ್ತರದ ಮಂಚ, ಜಾರುವ ಬಚ್ಚಲು ಇವುಗಳ ಭಯ ಬೇರೆ. ಆ ಕಾರಣದಿಂದ ನಮ್ಮ ಮಿತ್ರರು, ಇಂಜಿನಿಯರಿಕೆಯಿಂದ ನಿವೃತ್ತರಾದ ಬಳಿಕ, ಮೋಟಾರಿನ ಹಿಂದೆ ಕಟ್ಟಿ ಎಳೆಯುವ ಒಂದು ಗಾಡಿಮನೆಯನ್ನು ಮಾಡಿಸಿದರು. ಎರಡು ಅಚ್ಚು, ನಾಲ್ಕು ಗಾಲಿ. ಒಳಗೆ ತಾಯಿಯವರ ಅಳತೆಗೆ ತಗ್ಗಾದ ಮಂಚ, ಪುಟ್ಟ ಅಡಿಗೆಯ ಕಟ್ಟೆ, ಬಚ್ಚಲು, ೨೦೦ ಲೀಟರಿನ ನೀರಿನ ತೊಟ್ಟಿ. ಹಗಲು ಎಲ್ಲರೂ ಮೋಟಾರಿನಲ್ಲಿ ಕುಳಿತು ಪ್ರಯಾಣ. ರಾತ್ರಿ ಗಾಡಿಮನೆಯಲ್ಲಿ ವಿಶ್ರಾಂತಿ. ಹಿಂದೆ ನಮ್ಮ ಹಿರಿಯರು ಹಾಸಿಗೆ, ಪಾತ್ರೆ, ಸೌದೆಗಳನ್ನು ಹೇರಿಕೊಂಡು ಕಮಾನುಗಾಡಿಗಳಲ್ಲಿ ಜಾತ್ರೆಗೆ ಹೋಗುತ್ತಿದ್ದುದನ್ನು ಬಲ್ಲವರಿಗೆ ಇದು ಹೊಸತೆನಿಸದು. ಎತ್ತುಗಳು ಮಾತ್ರ ಬದಲಾಗಿವೆ.

೨೦೨೪ರ ಏಪ್ರಿಲಿನಲ್ಲಿ ಯಾತ್ರೆಯು ಹೊರಟಿತು. ಶಿರಾ ಪಟ್ಟಣವನ್ನು ದಾಟಿ ಹಿರಿಯೂರಿನ ಕಡೆಗೆ ಹೋಗುತ್ತಿರುವಾಗ, ಉರಿಬಿಸಿಲಿನಲ್ಲಿ, ಗಾಡಿಮನೆಯ ಬಲಬದಿಯ ಹಿಂದಿನ ಟೈರು ಸಿಡಿಮದ್ದಿನಂತೆ ಒಡೆಯಿತು. ಹರಿದ ರಬ್ಬರು ಚಾಟಿಯಂತೆ ಬೀಸಿ ಗಾಡಿಯ ಕೆಳಮೈಯ ತಗಡನ್ನು ಸೀಳಿತು. ಗಾಡಿಯು ಎಡಬಲಕ್ಕೆ ಓಲಾಡಿ ಮೋಟಾರನ್ನೂ ಓಲಾಡಿಸಿತು. ದೈವಕೃಪೆಯಿಂದ ಯಾರಿಗೂ ಪೆಟ್ಟಾಗಲಿಲ್ಲ. ಆದರೆ ಯಾತ್ರೆಯು ಅಲ್ಲಿಗೇ ನಿಂತಿತು. ಮನೆಗೆ ಮರಳಿದ ಬಳಿಕ ಸೊಸೆಯವರು, "ಇದನ್ನು ಮಾರಿಬಿಡಿ, ಇಲ್ಲವೇ ಗಾಲಿಗಳ ವಿಚಾರವನ್ನು ತಿಳಿದು ಸರಿಮಾಡಿಸಿ" ಎಂದು ಖಂಡಿತವಾಗಿ ಹೇಳಿದರು. ಅವರ ಮಾತು ನ್ಯಾಯವಾದುದೇ ಆಗಿದ್ದಿತು. ವಿಚಾರಿಸುವ ಕೆಲಸದಲ್ಲಿ ನಾವೂ ಜೊತೆಗೂಡಿದೆವು.

ಒಡೆದ ಟೈರನ್ನು ಅಂಗಳದಲ್ಲಿ ಮಲಗಿಸಿ ನೋಡಿದರೆ ಮೊದಲು ಆಶ್ಚರ್ಯವೇ ಆಯಿತು. ನೆಲಕ್ಕೆ ತಾಗುವ ಮೈಯ ಗೀರುಗಳು ಹೊಸತರಂತೆ ಆಳವಾಗಿದ್ದುವು. ಆದರೆ ಪಕ್ಕದ ಗೋಡೆಯಲ್ಲಿ ಕೆರೆಯ ಒಣಮಣ್ಣಿನಂತೆ ಸಣ್ಣ ಬಿರುಕುಗಳು. ಆ ಗೋಡೆಯ ಮೇಲೆ ಉಬ್ಬಿದ ಅಕ್ಷರಗಳಿರುತ್ತವೆಯಲ್ಲವೇ, ಅವುಗಳನ್ನು ಶಾಸನವನ್ನೋದುವ ಶ್ರದ್ಧೆಯಿಂದ ಓದಬೇಕು. ಒಂದೆಡೆ ಅಂಡಾಕಾರದ ಚೌಕಟ್ಟಿನೊಳಗೆ ನಾಲ್ಕು ಅಂಕಿಗಳು: ೩೧೧೫. ಎಂದರೆ ೨೦೧೫ನೆಯ ಇಸವಿಯ ೩೧ನೆಯ ವಾರದಲ್ಲಿ ಎರಕವಾದ ಟೈರು. ಮಿತ್ರರು ಇದನ್ನು ಹೊಸತೆಂದು ಕೊಂಡುದು ೨೦೧೯ರಲ್ಲಿ! ನಾಲ್ಕು ವರ್ಷ ಅಂಗಡಿಯ ಅಟ್ಟದಲ್ಲಿ, ಐದು ವರ್ಷ ಬೀದಿಯ ಬಿಸಿಲಿನಲ್ಲಿ ಅದು ಮುದಿಯಾಗಿದ್ದಿತು. ನಿತ್ಯವೂ ಓಡುವ ಲಾರಿಯ ಟೈರು ಸವೆದು ಸಾಯುತ್ತದೆ. ವರ್ಷಕ್ಕೆ ನಾಲ್ಕಾರು ಸಲ ಓಡುವ ಗಾಡಿಮನೆಯದು ನಿಂತಲ್ಲಿಯೇ ಮುದಿಯಾಗಿ ಸಾಯುತ್ತದೆ. ಆದುದರಿಂದ ಗೀರಿನ ಆಳವನ್ನು ನೋಡಿ ಇದನ್ನು ಪರೀಕ್ಷಿಸಲಾಗದು, ಜಾತಕವನ್ನೇ ನೋಡಬೇಕು.

ಗಾತ್ರವನ್ನು ಸೂಚಿಸುವ ೧೯೫/೬೫ ಆರ್ ೧೫ ಎಂಬ ಬರಹದ ಮುಂದೆ ೯೧ ಎಂಬ ಅಂಕಿಯಿದ್ದಿತು. ಇದು ಭಾರದ ಸಂಕೇತ. ೯೧ ಎಂದರೆ ಒಂದು ಟೈರು ೬೧೫ ಕಿಲೋಗ್ರಾಮನ್ನು ಹೊರಬಲ್ಲುದು ಎಂದರ್ಥ. ೧೦೦ ಎಂದರೆ ೮೦೦, ೧೦೪ ಎಂದರೆ ೯೦೦, ೧೦೬ ಎಂದರೆ ೯೫೦. ಅಮರಸಿಂಹನು ಚಕ್ರದ ಅಂಚಿಗೆ ನೇಮಿ, ಪ್ರಧಿ ಎಂಬ ಹೆಸರುಗಳನ್ನು ಕೊಟ್ಟನೇ ಹೊರತು ಅದು ಎಷ್ಟು ಖಂಡುಗ ಹೊರಬಲ್ಲುದೆಂಬುದನ್ನು ಹೇಳಲಿಲ್ಲ. ಆ ಕೆಲಸವನ್ನು ಇಂದಿನ ಕಾರ್ಖಾನೆಯವರು ಮಾಡಿದ್ದಾರೆ. ಇದಕ್ಕೆ ಇನ್ನೊಂದು ಸೂಕ್ಷ್ಮವುಂಟು. ಜನರು ಕೂರುವ ಮೋಟಾರಿಗೆಂದು ಮಾಡಿದ ಟೈರನ್ನು ಹೊರೆಗಾಡಿಗೆ ಹಾಕಿದಲ್ಲಿ ಆ ಭಾರವನ್ನು ೧.೧ರಿಂದ ಭಾಗಿಸಿ ಕಡಮೆಮಾಡಿಕೊಳ್ಳಬೇಕೆಂಬುದು ತಜ್ಞರ ಕಟ್ಟಳೆ. ಹಾಗೆ ಮಾಡಿದರೆ ೬೧೫ ಹೋಗಿ ೫೫೯ ಉಳಿಯಿತು.

ಹಾಗಾದರೆ ಗಾಡಿಯು ಎಷ್ಟು ಭಾರವಾಗಿದ್ದಿತು? ಮಿತ್ರರು ತಕ್ಷಣವೇ ೨೧೦೦ ಕಿಲೋ ಎಂದರು. ಅದು ಕಟ್ಟಿದವರು ಬರಿಯ ಗಾಡಿಯನ್ನು ತೂಗಿ ಹೇಳಿದ ಲೆಕ್ಕ. ಬರಿಯ ಮನೆಯಲ್ಲಿ ಯಾವ ಗೃಹಸ್ಥನು ಬಾಳುತ್ತಾನೆ? ಯಾತ್ರೆಗೆ ಹೊರಡುವಾಗ ಇದ್ದಂತೆಯೇ ಸಾಮಾನುಗಳನ್ನು ತುಂಬಿ, ತೊಟ್ಟಿಯಲ್ಲಿ ನೀರನ್ನು ತುಂಬಿ, ಯಶವಂತಪುರದ ಕಡೆಯಲ್ಲಿ ಲಾರಿಗಳನ್ನು ತೂಗುವ ಒಂದು ತೂಕದ ಕಟ್ಟೆಗೆ ಒಯ್ದೆವು. ಈರುಳ್ಳಿಯ ಲಾರಿಗಳ ನಡುವೆ ಕಿಟಕಿಗೆ ಪರದೆ ಕಟ್ಟಿದ ನಮ್ಮ ಗಾಡಿಯನ್ನು ಕಂಡು ಹಮಾಲರಿಗೆ ಬಹಳ ನಗೆ. ತೂಗುವಾತನು ಮಾತ್ರ ಸಹನೆಯುಳ್ಳವನು. ಮೋಟಾರಿಗೆ ಕಟ್ಟಿದಂತೆಯೇ ಇಟ್ಟು ನಾಲ್ಕು ಗಾಲಿಗಳನ್ನೂ ಒಟ್ಟಿಗೆ, ಬಳಿಕ ಒಂದೊಂದು ಅಚ್ಚನ್ನು, ಕೊನೆಗೆ ಒಂದೊಂದು ಬದಿಯ ಗಾಲಿಗಳನ್ನು ಮಾತ್ರ ಕಟ್ಟೆಯ ಮೇಲೆ ನಿಲ್ಲಿಸಿ ತೂಗಿಕೊಟ್ಟನು. ಒಟ್ಟು ೨೭೮೦ ಕಿಲೋ. ಮುಂದಿನ ಅಚ್ಚು ೧೩೩೦, ಹಿಂದಿನದು ೧೪೫೦. ಎಡಬದಿ ೧೨೬೦, ಬಲಬದಿ ೧೫೨೦! ನೀರಿನ ತೊಟ್ಟಿ, ಅಡಿಗೆಯ ಕಟ್ಟೆ, ಬ್ಯಾಟರಿಗಳು ಎಲ್ಲವೂ ಬಲಗಡೆಯಲ್ಲಿಯೇ. ಲೆಕ್ಕ ಮಾಡಿದರೆ ಬಲಬದಿಯ ಹಿಂದಿನ ಗಾಲಿಯೊಂದೇ ಸುಮಾರು ೭೯೦ ಕಿಲೋ ಹೊತ್ತಿದ್ದಿತು. ೫೫೯ ಹೊರಬೇಕಾದುದರ ಮೇಲೆ ೭೯೦! ಒಡೆದುದು ಆಶ್ಚರ್ಯವಲ್ಲ, ಶಿರಾದವರೆಗೆ ಬಂದುದೇ ಆಶ್ಚರ್ಯ.

ಇಲ್ಲಿ ನಮಗೆ ಈಜಿಪುರದ ಶಿಲೆಯ ನೆನಪಾಯಿತು. ನಮ್ಮ ಊರಿನ ಈಜಿಪುರದ ಕೋದಂಡರಾಮಸ್ವಾಮಿ ದೇವಾಲಯಕ್ಕಾಗಿ ಮಹಾವಿಷ್ಣುವಿನ ವಿಶ್ವರೂಪದ ಮಹಾಶಿಲೆಯೊಂದು ತಮಿಳುನಾಡಿನ ತಿರುವಣ್ಣಾಮಲೈ ಜಿಲ್ಲೆಯಿಂದ ೨೦೧೮ರ ಡಿಸೆಂಬರಿನಲ್ಲಿ ಹೊರಟಿತು. ಅದರ ತೂಕವು ೩೦೦ ಟನ್ನಿಗೂ ಮಿಗಿಲು. ಹೊತ್ತ ವಾಹನಕ್ಕೆ ೨೪೦ ಟೈರುಗಳು. ಆದರೂ ದಾರಿಯುದ್ದಕ್ಕೂ ಟೈರುಗಳು ಒಡೆದುವು. ಬೆಂಗಳೂರನ್ನು ಸೇರುವ ಹೊತ್ತಿಗೆ ೨೦೧೯ರ ಬೇಸಗೆಯು ಕಳೆದಿದ್ದಿತು. ೩೦೦ ಟನ್ನೆಂದೇ ಹಿಡಿದರೂ ಗಾಲಿಯೊಂದಕ್ಕೆ ೧೨೫೦ ಕಿಲೋ ಬರುತ್ತದೆ, ವಾಹನದ ಸ್ವಂತ ತೂಕವು ಬೇರೆ. ಕಾಗದದ ಮೇಲಿನ ಭಾಗಾಕಾರವು ಎಲ್ಲರಿಗೂ ಸಮಪಾಲು ಹಂಚುತ್ತದೆ. ರಸ್ತೆಯ ಮೇಲೆ ಒಂದು ಟೈರು ಒಡೆದರೆ ಅದರ ಪಾಲು ನೆರೆಯವುಗಳ ತಲೆಯ ಮೇಲೆ ಬೀಳುತ್ತದೆ. ನಮ್ಮ ಗಾಡಿಯಲ್ಲಿಯೂ ಹಾಗೆಯೇ: ಹಿಂದಿನದು ಒಡೆದ ಕ್ಷಣದಿಂದ ಗಾಡಿ ನಿಲ್ಲುವವರೆಗೂ ಬಲಬದಿಯ ೧೫೨೦ ಕಿಲೋವನ್ನೂ ಮುಂದಿನ ಒಂದೇ ಟೈರು ಹೊತ್ತಿದ್ದಿತು. ಹೊರಗೆ ಗಾಯ ಕಾಣದಿದ್ದರೂ ಒಳಗಿನ ತಂತುಗಳು ನೊಂದಿರುತ್ತವೆ. ಅದನ್ನು ಮತ್ತೆ ನಂಬಬಾರದು. ನಾಲ್ಕನ್ನೂ ಬದಲಾಯಿಸುವುದೆಂದು ನಿಶ್ಚಯವಾಯಿತು.

ತುಮಕೂರು ರಸ್ತೆಯಲ್ಲಿ ಗೊರಗುಂಟೆಪಾಳ್ಯದಿಂದ ಪೀಣ್ಯದ ಕಡೆಗೆ ಸಾಗಿದರೆ ಟೈರಿನ ಅಂಗಡಿಗಳಿಗೆ ಕೊರತೆಯಿಲ್ಲ. ಮೊದಲನೆಯ ಅಂಗಡಿಯಾತನು ಹಳೆಯ ಜಾತಿಯನ್ನೇ ಅಗ್ಗದ ಬೆಲೆಗೆ ಕೊಡಲು ಬಂದನು. ಎರಡನೆಯವನು ಹಳೆಯ ಟೈರಿಗೆ ಹೊಸ ಮೈ ಕಟ್ಟಿಸಿದವುಗಳನ್ನು ಹೊಗಳಿದನು. ಲಾರಿಗಳಿಗೆ ಅವು ತಕ್ಕವೇ ಇರಬಹುದು. ಆದರೆ ಗಾಡಿಮನೆಯಲ್ಲಿ ಸವೆಯುವುದು ಮೇಲಿನ ಮೈಯಲ್ಲ, ಮುದಿಯಾಗುವುದು ಒಳಗಿನ ಒಡಲು. ಮುದುಕನಿಗೆ ಹೊಸ ಅಂಗಿ ತೊಡಿಸಿದರೆ ಪ್ರಾಯ ಬಂದೀತೇ? (ನಮಗೂ ಅರುವತ್ತಾಗಿರುವುದರಿಂದ ಈ ಮಾತನ್ನಾಡಲು ನಾವು ಅಧಿಕಾರಿಗಳು.) ಮೂರನೆಯ ಅಂಗಡಿಯ ವೃದ್ಧನು ಮಾತ್ರ ಬೆಲೆಯನ್ನು ಹೇಳುವ ಮೊದಲು, "ಎಷ್ಟು ತೂಗುತ್ತದೆ?" ಎಂದು ಕೇಳಿದನು. ನಾವು ಅಲ್ಲಿಯೇ ಕುಳಿತೆವು.

ಗಾತ್ರದ ಸಂಖ್ಯೆಯ ಕೊನೆಯಲ್ಲಿ ಸಿ ಎಂಬ ಅಕ್ಷರವುಳ್ಳ ಟೈರುಗಳು ಸಾಮಾನು ಹೊರುವ ವಾಹನಗಳಿಗೆಂದೇ ಆದವು. ಅವುಗಳ ಪಕ್ಕದ ಗೋಡೆಯು ಗಟ್ಟಿ, ಹಿಡಿಯುವ ಗಾಳಿಯು ಹೆಚ್ಚು. ಆತನು ಎರಡು ಬಗೆಯನ್ನು ತೋರಿಸಿದನು. ೧೯೫ ಆರ್ ೧೫ ಸಿ, ಸಂಕೇತ ೧೦೬, ಹೊರುವ ಭಾರ ೯೫೦ ಕಿಲೋ. ೧೯೫/೭೦ ಆರ್ ೧೫ ಸಿ, ಸಂಕೇತ ೧೦೪, ಹೊರುವ ಭಾರ ೯೦೦. ಮಿತ್ರರು ಮೊದಲನೆಯದನ್ನೇ ಹಿಡಿದುಕೊಂಡರು. ಆದರೆ ಅದರ ಅಡ್ಡಳತೆಯು ಹಳೆಯದಕ್ಕಿಂತ ೬೬ ಮಿಲಿಮೀಟರಿನಷ್ಟು ದೊಡ್ಡದು. ಎರಡು ಅಚ್ಚುಗಳು ಒಂದರ ಹಿಂದೊಂದು ಒತ್ತಾಗಿರುವ ಗಾಡಿಯಲ್ಲಿ ಅಷ್ಟು ಬೆಳೆದರೆ ಮುಂದಿನ ಗಾಲಿಗೂ ಹಿಂದಿನ ಗಾಲಿಗೂ ನಡುವೆ ಬೆರಳಾಡದು. ಮೇಲಿನ ಕಮಾನಿಗೂ ತಾಗುವುದು. ಎರಡನೆಯದು ಬೆಳೆಯುವುದು ೧೯ ಮಿಲಿಮೀಟರು ಮಾತ್ರ. ಮಹಾಲಕ್ಷ್ಮಿ ಲೇಔಟಿನ ತಿರುವುಗಳಲ್ಲಿ ಇಂತಹ ಗಾಡಿಯು ತಿರುಗುವಾಗ ನಾಲ್ಕು ಗಾಲಿಗಳೂ ಒಂದೇ ಕೇಂದ್ರವನ್ನು ಸುತ್ತಲಾರದೆ ನೆಲದ ಮೇಲೆ ಅಡ್ಡಡ್ಡಲಾಗಿ ಉಜ್ಜುತ್ತವೆ, ಟೈರಿನ ಗೋಡೆಗಳು ತಿರುಚಿಕೊಳ್ಳುತ್ತವೆ. ಅದಕ್ಕಾಗಿ ಗೋಡೆ ಗಟ್ಟಿಯಾಗಿರಬೇಕು, ಸುತ್ತಲೂ ತೆರಪಿರಬೇಕು. ಎರಡನೆಯದನ್ನೇ ಆರಿಸಿದೆವು. ನಾಲ್ಕಲ್ಲ, ಹೆಚ್ಚಿನದೊಂದು ಸೇರಿ ಐದು. ಐ.ಎಸ್.ಐ. ಗುರುತನ್ನೂ ತಯಾರಾದ ವಾರವನ್ನೂ ಐದರ ಮೇಲೆಯೂ ಓದಿ ನೋಡಿದೆವು. ಆರು ತಿಂಗಳಿಗಿಂತ ಹಳೆಯದೊಂದನ್ನು ಹಿಂದಿರುಗಿಸಿದೆವು. ವೃದ್ಧನು ಬೇಸರಿಸಲಿಲ್ಲ. ಮೈಸೂರಿನಲ್ಲಿ ವಿಕ್ರಾಂತ ಟೈರುಗಳು ಹೊಸದಾಗಿ ಬಂದ ಕಾಲದ ಕಥೆಗಳನ್ನು ಹೇಳುತ್ತ ಮತ್ತೊಂದನ್ನು ತರಿಸಿದನು.

ಇಷ್ಟಕ್ಕೆ ಮುಗಿಯಲಿಲ್ಲ. ಟೈರು ಕೂರುವ ಲೋಹದ ಬಳೆಗೂ ಒಂದು ಮಿತಿಯುಂಟೆಂಬುದನ್ನು ಬಹುಮಂದಿ ಅರಿಯರು. ಹಳೆಯ ಅಲ್ಯೂಮಿನಿಯಂ ಬಳೆಗಳ ಒಳಮೈಯಲ್ಲಿ ೬೫೦ ಕಿಲೋ ಎಂದು ಒತ್ತಿದ್ದರು. ೯೦೦ ಹೊರುವ ಟೈರನ್ನು ೬೫೦ರ ಬಳೆಗೆ ತೊಡಿಸುವುದು ಹೊಸ ಹಗ್ಗವನ್ನು ಲಡ್ಡು ಗೂಟಕ್ಕೆ ಕಟ್ಟಿದಂತೆ. ತಕ್ಕ ಉಕ್ಕಿನ ಬಳೆಗಳೂ, ರಬ್ಬರಿನದಕ್ಕೆ ಬದಲಾಗಿ ಲೋಹದ ವಾಲ್ವುಗಳೂ ಬಂದುವು. ಏಕೆಂದರೆ ಈ ಟೈರುಗಳಿಗೆ ತಣ್ಣಗಿರುವಾಗ ೬೫ ಪೌಂಡು ಗಾಳಿ ಬೇಕು, ಹಳೆಯವಕ್ಕೆ ಅದರ ಅರ್ಧವಷ್ಟೇ ಹಾಕುತ್ತಿದ್ದರು. ಗಾಳಿ ಕಡಮೆಯಾದರೆ ಟೈರಿನ ಗೋಡೆಯು ಪ್ರತಿಸುತ್ತಿಗೂ ಬಾಗಿ ಏಳುತ್ತದೆ, ಬಾಗುವಿಕೆಯಿಂದ ಬಿಸಿ, ಬಿಸಿಯಿಂದ ಪದರಗಳ ಅಂಟು ಸಡಿಲುವುದು. ಒಡೆಯುವ ಟೈರುಗಳಲ್ಲಿ ಅನೇಕವು ಒಳಗಿನಿಂದ ಬೆಂದೇ ಒಡೆಯುತ್ತವೆ.

ಬಳಿಕ ಮನೆಯೊಳಗಿನ ಕೆಲಸ, ಅದೇ ಕಠಿಣವಾದುದು. ತೊಟ್ಟಿಯಲ್ಲಿ ೪೦ ಲೀಟರು ಮಾತ್ರ ನೀರು, ಉಳಿದುದನ್ನು ತಂಗುವ ಊರಿನಲ್ಲಿ ತುಂಬಿಕೊಳ್ಳುವುದು; ಬ್ಯಾಟರಿಯೊಂದು ಎಡಕ್ಕೆ. ತಾಯಿಯವರ ಒರಳುಕಲ್ಲು ಕೆಳಗಿಳಿಯುವ ವಿಷಯದಲ್ಲಿ ಎರಡು ದಿನ ಮಾತುಕತೆ ನಡೆಯಿತು. "ಗೋಕರ್ಣದಲ್ಲಿ ಕಲ್ಲಿಗೆ ಬರವೇ?" ಎಂದು ಸೊಸೆಯವರು ಕೇಳಿದ ಮೇಲೆ ಹಿರಿಯರು ನಕ್ಕು ಒಪ್ಪಿದರು. ಮತ್ತೆ ತೂಗಿದಾಗ ಒಟ್ಟು ೨೫೪೦. ಬಲ ೧೨೯೦, ಎಡ ೧೨೫೦. ಬಲಬದಿಯ ಹಿಂದಿನ ಗಾಲಿಯ ಪಾಲು ಸುಮಾರು ೬೬೦ಕ್ಕೆ ಇಳಿದಿದ್ದಿತು, ಹೊರುವ ಶಕ್ತಿ ೯೦೦. ತೂಗುವಾತನು ಚೀಟಿಯನ್ನು ಕೊಡುತ್ತ, "ಈಗ ಹೋಗಿಬನ್ನಿ" ಎಂದನು.

ಆ ವರ್ಷದ ಡಿಸೆಂಬರಿನಲ್ಲಿ ಹೊರಟೆವು. ಮೊದಲ ೮೦ ಕಿಲೋಮೀಟರಿನ ಬಳಿಕ ನಿಲ್ಲಿಸಿ ಗಾಲಿಯ ನಟ್ಟುಗಳನ್ನು ಮತ್ತೊಮ್ಮೆ ಬಿಗಿಮಾಡಿದೆವು. ಹೊಸ ಬಳೆಗಳು ಕುಳಿತುಕೊಳ್ಳುವಾಗ ಅವು ಸಡಿಲವಾಗುವುದುಂಟು. ದಿನವೂ ಬೆಳಗ್ಗೆ, ಬಿಸಿಲು ಬೀಳುವ ಮೊದಲು, ಗಾಳಿಯನ್ನು ಅಳೆಯುವ ಕೆಲಸವು ನಮ್ಮದು. ಓಡಿ ಬಿಸಿಯಾದ ಮೇಲೆ ಅಳತೆಯು ಏರಿ ಕಾಣುತ್ತದೆ. ಅದನ್ನು ಕಂಡು ಗಾಳಿಯನ್ನು ಬಿಡಕೂಡದು. ಎಂಬತ್ತರ ವೇಗವನ್ನು ಮೀರಕೂಡದೆಂದು ಸೊಸೆಯವರ ಆಜ್ಞೆಯಿದ್ದಿತು. ಶಿರಾ, ಹಿರಿಯೂರು, ಚಿತ್ರದುರ್ಗಗಳು ಹಿಂದೆ ಸರಿದುವು. ಹುಬ್ಬಳ್ಳಿಯಲ್ಲಿ ತಂಗಿ ಕಲಘಟಗಿ, ಯಲ್ಲಾಪುರಗಳ ಮಾರ್ಗವಾಗಿ ಅರಬೈಲು ಘಟ್ಟವನ್ನು ಮಧ್ಯಾಹ್ನದ ಮೇಲೆ ಇಳಿದೆವು. ಇಕ್ಕೆಲದಲ್ಲಿಯೂ ದಟ್ಟವಾದ ಕಾಡು, ತಿರುವಿನ ಮೇಲೆ ತಿರುವು, ಅದುರಿನ ಲಾರಿಗಳಿಗೆ ಹೆಸರಾದ ಹಾದಿ. ಇಳಿಜಾರಿನಲ್ಲಿ ಬ್ರೇಕಿನ ಬಿಸಿಯೂ ಗಾಲಿಗೆ ಸೇರುವುದರಿಂದ ಘಟ್ಟದ ಬುಡದಲ್ಲಿ ನಿಲ್ಲಿಸಿ, ಮಿತ್ರರೂ ನಾವೂ ಒಂದೊಂದು ಟೈರಿನ ಮೇಲೆಯೂ ಅಂಗೈಯನ್ನಿಟ್ಟು ನೋಡಿದೆವು. ಒಂದು ಮಾತ್ರ ಹೆಚ್ಚು ಬಿಸಿಯಾಗಿದ್ದರೆ ಅದರಲ್ಲಿ ದೋಷವಿದೆಯೆಂದು ತಿಳಿಯಬೇಕು. ನಾಲ್ಕೂ ಒಂದೇ ಸಮನಾಗಿ ಬೆಚ್ಚಗಿದ್ದುವು.

ಮೋಟಾರಿನ ಕಿಟಕಿಯಿಂದ ಹಿರಿಯರು ಇದನ್ನೆಲ್ಲ ನೋಡುತ್ತಿದ್ದರು.

"ಏನು, ಜ್ವರವಿದೆಯೇ?"

"ಇಲ್ಲ ಅಮ್ಮ."

"ಹಾಗಾದರೆ ಹೊರಡಿರಪ್ಪ. ಕತ್ತಲಾಗುವುದರೊಳಗೆ ಸಮುದ್ರವನ್ನು ನೋಡಬೇಕು."