ಜಾಸ್ತಿ ಗೆದ್ದವರನ್ನು ಹೊರಗೆ ಹಾಕಿದ ಲೀಗ್

ಕೆಲಸದ ಮೇಲೆ ಮಿನಿಯಾಪೊಲಿಸ್‌ಗೆ ಹೋಗಿದ್ದೀರಾ? ಅಕ್ಟೋಬರ್ ತಿಂಗಳಾ? ಹಾಗಾದರೆ ಒಂದು ಶನಿವಾರ ಮಾಲ್ ಸುತ್ತೋದು ಬಿಟ್ಟು ಐ-94 ಹೆದ್ದಾರಿ ಹಿಡಿದು ಕಾಲೇಜ್‌ವಿಲ್‌ಗೆ ಹೋಗಿ. ಸುಮಾರು ಒಂದೂವರೆ ಗಂಟೆ ದಾರಿ.

ಊರು ಅನ್ನುವಂಥ ಊರೇನಲ್ಲ. ಕೆರೆ, ಕಾಡು, ಬೆನೆಡಿಕ್ಟೈನ್ ಸನ್ಯಾಸಿಗಳ ಮಠ, ಅವರೇ 1857ರಲ್ಲಿ ಶುರು ಮಾಡಿದ ಸೇಂಟ್ ಜಾನ್ಸ್ ಕಾಲೇಜು. ಮಾರ್ಸೆಲ್ ಬ್ರಾಯರ್ ವಿನ್ಯಾಸದ ಕಾಂಕ್ರೀಟ್ ಚರ್ಚ್ ನೋಡೋಕೆ ಬರುವವರೂ ಇದ್ದಾರೆ. ಆದರೆ ಶನಿವಾರದ ಜನ ಬರೋದು ಅಮೆರಿಕನ್ ಫುಟ್‌ಬಾಲ್‌ಗೆ. ಮರಗಳ ನಡುವಿನ ತಗ್ಗಿನಲ್ಲಿದೆ ಸ್ಟೇಡಿಯಂ. ಆ ತಿಂಗಳಲ್ಲಿ ಸುತ್ತಲಿನ ಎಲೆಗಳೆಲ್ಲ ಕೆಂಪು, ಹಳದಿ. ತಂಡದ ಜೆರ್ಸಿಯೂ ಕೆಂಪೇ.

ಇದು ಮೂರನೇ ಡಿವಿಷನ್. ಇಲ್ಲಿ ಆಟಕ್ಕಾಗಿ ಸ್ಕಾಲರ್‌ಶಿಪ್ ಕೊಡುವಂತಿಲ್ಲ. ಕೆಮಿಸ್ಟ್ರಿಯೋ ಅಕೌಂಟಿಂಗೋ ಓದುವ ಹುಡುಗರೇ ಹೆಲ್ಮೆಟ್ ಹಾಕಿಕೊಂಡು ಇಳಿಯುತ್ತಾರೆ.

ಜಾನ್ ಗಲಾರ್ಡಿ ಇಲ್ಲಿ 1953ರಿಂದ 2012ರವರೆಗೆ, ಅಂದರೆ 60 ಸೀಸನ್, ಕೋಚ್ ಆಗಿದ್ದರು. ಹಿಂದಿನ ಕಾಲೇಜಿನದ್ದೂ ಸೇರಿ 489 ಗೆಲುವು. ಕಾಲೇಜ್ ಫುಟ್‌ಬಾಲ್‌ನಲ್ಲಿ ಅಷ್ಟು ಗೆದ್ದ ಕೋಚ್ ಇನ್ನೊಬ್ಬರಿಲ್ಲ. ಅವರ ಪ್ರಾಕ್ಟೀಸ್‌ನಲ್ಲಿ ಸೀಟಿ ಇಲ್ಲ, ಎದುರಾಳಿಯನ್ನು ಕೆಡವೋದಿಲ್ಲ, ಗ್ರೌಂಡ್ ಸುತ್ತೋ ಶಿಕ್ಷೆ ಇಲ್ಲ. ಕೋಚ್ ಅನ್ನೋ ಹಾಗೂ ಇಲ್ಲ, ಬರೀ ಜಾನ್ ಅನ್ನಬೇಕು. ನಮ್ಮ ಪಿ.ಟಿ. ಮೇಷ್ಟ್ರನ್ನು ಹೆಸರು ಹಿಡಿದು ಕರೆದಿದ್ದರೆ ಹತ್ತು ರೌಂಡ್ ಗ್ಯಾರಂಟಿ ಇತ್ತು ಬಿಡಿ. ಇಷ್ಟೊಂದು 'ಇಲ್ಲ'ಗಳ ತಂಡವೇ 2003ರ ಫೈನಲ್ ಸ್ಟ್ಯಾಗ್ ಬೌಲ್‌ನಲ್ಲಿ, ಸತತ 55 ಪಂದ್ಯ ಗೆದ್ದು ಬಂದಿದ್ದ ಮೌಂಟ್ ಯೂನಿಯನ್ನನ್ನು 24-6ರಿಂದ ಸೋಲಿಸಿತು.

ಆದರೆ ಇಲ್ಲಿನವರಿಗೆ ಸ್ಟ್ಯಾಗ್ ಬೌಲ್‌ಗಿಂತ ಹತ್ತಿರದ್ದು ಸೇಂಟ್ ಪಾಲ್ ನಗರದ ಸೇಂಟ್ ಥಾಮಸ್ ಜೊತೆಗಿನ ಜಿದ್ದು. ಜಾನಿಗಳು, ಟಾಮಿಗಳು ಮೊದಲು ಆಡಿದ್ದು 1901ರಲ್ಲಿ. 2017ರ ಮ್ಯಾಚನ್ನು ಮಿನಿಯಾಪೊಲಿಸ್‌ನ ಬೇಸ್‌ಬಾಲ್ ಸ್ಟೇಡಿಯಂಗೇ ಒಯ್ಯಬೇಕಾಯಿತು. ಬಂದವರು 37,355 ಜನ! ಅದೇ ವರ್ಷ ಸೇಂಟ್ ಥಾಮಸ್ ತನ್ನದೇ ಲೀಗ್‌ನ ಸೇಂಟ್ ಓಲಾಫ್ ಕಾಲೇಜನ್ನು ಸೋಲಿಸಿದ್ದು 97-0ಯಿಂದ.

ಸೇಂಟ್ ಥಾಮಸ್ ಉಳಿದ ಕಾಲೇಜುಗಳಿಗಿಂತ ಬಹಳ ದೊಡ್ಡದು. ಆಟ ಸಮಬಲದ್ದಲ್ಲ ಎಂಬ ಗೊಣಗಾಟ ಬೆಳೆಯಿತು. 2019ರ ಮೇ ತಿಂಗಳಲ್ಲಿ, 1920ರ ಸ್ಥಾಪಕ ಸದಸ್ಯನನ್ನೇ ಲೀಗ್‌ನಿಂದ ಕಳಿಸುವ ತೀರ್ಮಾನ ಹೊರಬಿತ್ತು. ಅಣ್ಣ ಜಾಸ್ತಿ ತಿಂತಾನೆ ಅಂತ ಪಂಕ್ತಿಯಿಂದಲೇ ಎಬ್ಬಿಸಿದ ಹಾಗೆ.

ಸೋತವರನ್ನು ನಾನು ಬೈಯಲಾರೆ. ಸೋಮವಾರ ಲ್ಯಾಬ್ ಇರೋ ಹುಡುಗ ಶನಿವಾರ 97 ಪಾಯಿಂಟ್ ತಿಂದು ಏನು ಕಲಿಯಬೇಕು? ಆದರೆ ಲೀಗ್ ಸಮ ಆಗಲಿ ಅಂತ ಕಳಕೊಂಡದ್ದು ಆ 37 ಸಾವಿರ ಜನರ ಮ್ಯಾಚನ್ನೇ. ಲೀಗ್‌ನಲ್ಲಿ ಅವರಿಬ್ಬರ ಕೊನೆಯ ಆಟ 2019ರ ಅಕ್ಟೋಬರ್ 19ರಂದು. ಜಾನಿಗಳು 38-20ರಿಂದ ಗೆದ್ದರು. ಟಾಮಿಗಳು 2021ರಲ್ಲಿ ಮೂರನೇ ಡಿವಿಷನ್‌ನಿಂದ ನೇರ ಮೊದಲನೆಯದಕ್ಕೇ ಹಾರಿದರು.

ಈಗ ಟಾಮಿಗಳ ನೇರಳೆ ಬಣ್ಣ ಈ ಕಾಡಿನ ಕಡೆ ಬರೋದಿಲ್ಲ. ಶನಿವಾರದ ಆಟ ಮಾತ್ರ ನಿಂತಿಲ್ಲ. ಮ್ಯಾಚ್ ಕಾಲೇಜ್‌ವಿಲ್‌ನಲ್ಲೇ ಇದೆಯಾ ಅಂತ ನೋಡಿಕೊಂಡು ಹೊರಡಿ. ದಪ್ಪ ಜಾಕೆಟ್ ಇರಲಿ.