ಕೋಟೆ ತಾಲ್ಲೂಕಿನ ಕಲಿಕೆಯ ಏಣಿ

ಮೈಸೂರಿನಿಂದ ಮಾನಂದವಾಡಿ ರಸ್ತೆ ಹಿಡಿದು ಐವತ್ತು ಕಿಲೋಮೀಟರ್‌ಗೆ ಸಮೀಪ ಸಾಗಿದರೆ ಹೆಗ್ಗಡದೇವನಕೋಟೆ. ದಾಖಲೆಯಲ್ಲಿ ಇಷ್ಟುದ್ದದ ಹೆಸರು. ಬಸ್ಸಿನ ಬೋರ್ಡಿನಲ್ಲಿ ಎಚ್.ಡಿ. ಕೋಟೆ, ಸುತ್ತಲಿನ ಹಳ್ಳಿಯವರ ಬಾಯಲ್ಲಿ ಬರೀ ‘ಕೋಟೆ’. ಪ್ರವಾಸಿಗರು ಇಲ್ಲಿ ಇಳಿಯುವುದು ಕಡಿಮೆ. ಅವರ ಕಣ್ಣು ಕಬಿನಿಯ ಹಿನ್ನೀರಿನ ಮೇಲೆ, ಅಲ್ಲಿ ನೀರಿಗಿಳಿಯುವ ಆನೆ ಹಿಂಡಿನ ಮೇಲೆ. ಆದರೆ ಕರ್ನಾಟಕದ ಶಾಲೆಗಳ ಚರಿತ್ರೆಯಲ್ಲಿ ಈ ತಾಲ್ಲೂಕಿಗೆ ಬೇರೆಯೇ ಒಂದು ಸ್ಥಾನವಿದೆ. ‘ನಲಿ-ಕಲಿ’ ಹುಟ್ಟಿದ್ದು ಇಲ್ಲಿ, 1995ರಲ್ಲಿ.

ಅದು ಇಲ್ಲೇ ಹುಟ್ಟಲು ಕಾರಣವೂ ಇತ್ತು. ಕಬಿನಿ, ನುಗು, ತಾರಕ, ಹೆಬ್ಬಳ್ಳ ಎಂದು ನಾಲ್ಕು ಜಲಾಶಯಗಳನ್ನು ಕಂಡ ಸೀಮೆ ಇದು. ಕಾಡಿನ ಅಂಚಿನಲ್ಲಿ ಜೇನುಕುರುಬರ, ಕಾಡುಕುರುಬರ ಹಾಡಿಗಳು. ಒಂದೇ ಕೋಣೆಯಲ್ಲಿ ಒಂದು, ಎರಡು, ಮೂರನೇ ತರಗತಿಗಳು ಒಟ್ಟಿಗೆ. ಎಲ್ಲಕ್ಕೂ ಒಬ್ಬರೇ ಮೇಷ್ಟ್ರು. ಕಾಫಿ ಕೊಯ್ಲು ಬಂತೆಂದರೆ ಅಪ್ಪ-ಅವ್ವ ಕೊಡಗಿನ ತೋಟಗಳಿಗೆ ಹೊರಡುತ್ತಾರೆ, ಮಕ್ಕಳೂ ಹಿಂದೆಯೇ. ವಾರಗಟ್ಟಲೆ ಕಳೆದು ಮರಳಿದಾಗ ಪಾಠಪುಸ್ತಕ ಹತ್ತಾರು ಪುಟ ಮುಂದೆ ಹೋಗಿರುತ್ತದೆ. ಕೇಳಿದ್ದಕ್ಕೆ ಉತ್ತರ ಬಾರದು, ಬೈಗುಳ ಬರುತ್ತದೆ. ನಾಲ್ಕು ದಿನ ಹಿಂದಿನ ಸಾಲಿನಲ್ಲಿ ಮುದುಡಿ ಕೂತ ಮಗು ಐದನೆಯ ದಿನ ದನದ ಹಿಂದೆ ಹೋಗುತ್ತದೆ. ಇಂಥ ಮಗುವನ್ನು ದಡ್ಡ ಎನ್ನುವುದು ಸುಲಭ. ಪುಸ್ತಕ ಅವನಿಗಾಗಿ ಕಾಯಲಿಲ್ಲ ಎನ್ನುವುದೇ ನಿಜ.

ಇದಕ್ಕೊಂದು ದಾರಿ ಹುಡುಕುತ್ತ, ಯುನಿಸೆಫ್ ನೆರವಿನಲ್ಲಿ ಕೋಟೆಯ ಶಿಕ್ಷಕರ ತಂಡವೊಂದು ಆಂಧ್ರಕ್ಕೆ ಹೊರಟಿತು. ಬೆಂಗಳೂರಿನಿಂದ ಚಿಂತಾಮಣಿ ದಾಟಿ ಗಡಿ ಹೊಕ್ಕರೆ ಮದನಪಲ್ಲಿ. ಅದು ಜಿಡ್ಡು ಕೃಷ್ಣಮೂರ್ತಿಯವರು ಹುಟ್ಟಿದ ಊರು. ಅಲ್ಲಿಗೆ ಹತ್ತಿರದ ಬಂಡೆಗುಡ್ಡಗಳ ನಡುವೆ ಅವರ ರಿಷಿ ವ್ಯಾಲಿ ಶಾಲೆ. ಆದರೆ ತಂಡ ನೋಡಲು ಹೋದದ್ದು ಆ ಹೆಸರಾಂತ ವಸತಿಶಾಲೆಯನ್ನಲ್ಲ, ಸುತ್ತಲಿನ ಹಳ್ಳಿಗಳಲ್ಲಿ ಅದೇ ಸಂಸ್ಥೆ ನಡೆಸುತ್ತಿದ್ದ ಒಂದೊಂದೇ ಕೋಣೆಯ ಶಾಲೆಗಳನ್ನು. ಪದ್ಮನಾಭ ರಾವ್ ಮತ್ತು ರಮಾ ದಂಪತಿ ಅಲ್ಲಿ ಪಾಠಪುಸ್ತಕವನ್ನು ಬಿಡಿಸಿ ಚಿಕ್ಕ ಚಿಕ್ಕ ಕಾರ್ಡುಗಳನ್ನಾಗಿ ಮಾಡಿದ್ದರು. ಕಾರ್ಡುಗಳನ್ನೆಲ್ಲ ಕ್ರಮವಾಗಿ ಜೋಡಿಸಿದ ಪಟವೇ ‘ಕಲಿಕೆಯ ಏಣಿ’. ಪ್ರತಿ ಮಗುವೂ ತನ್ನ ಮೆಟ್ಟಿಲಲ್ಲಿ ತಾನು.

ಕೋಟೆಯವರು ಅದನ್ನು ಹಾಗೇ ಎತ್ತಿ ತರಲಿಲ್ಲ. ಅಲ್ಲಿಯ ತೆಲುಗು ಕಾರ್ಡು ಇಲ್ಲಿಗೆ ಒಗ್ಗುವುದೂ ಇಲ್ಲ. ಮರಳಿ ಬಂದ ಶಿಕ್ಷಕರು ತಮ್ಮ ಸೀಮೆಯ ಹಾಡು, ಕಥೆ, ಒಗಟುಗಳನ್ನು ಕಲೆಹಾಕಿ ತಾವೇ ಕಾರ್ಡು ಬರೆದರು, ಚಿತ್ರ ಬಿಡಿಸಿದರು.

ನಲಿ-ಕಲಿ ಕೋಣೆಯೊಳಗೆ ಕಾಲಿಟ್ಟವರಿಗೆ ಮೊದಲು ಮೇಷ್ಟ್ರು ಎಲ್ಲಿದ್ದಾರೆಂದೇ ತಿಳಿಯುವುದಿಲ್ಲ. ಅವರು ಮಕ್ಕಳ ನಡುವೆ ನೆಲದ ಮೇಲಿರುತ್ತಾರೆ. ತಲೆಯ ಮೇಲೆ ಎಳೆದ ದಾರಗಳ ‘ಚಪ್ಪರ’ದಲ್ಲಿ ಮಕ್ಕಳೇ ಮಾಡಿದ ಚಿತ್ರಗಳು ತೂಗುತ್ತವೆ. ಕಪ್ಪುಹಲಗೆ ಗೋಡೆಯ ಬುಡದಲ್ಲಿ, ಮಕ್ಕಳ ಕೈಗೆಟಕುವಷ್ಟು ತಗ್ಗಿನಲ್ಲಿ. ಅದರಲ್ಲಿ ಒಬ್ಬೊಬ್ಬರಿಗೂ ಅವರವರ ಜಾಗ. ಬೆಳಿಗ್ಗೆ ಆಕಾಶ ನೋಡಿ ಬಂದು ಮೋಡವೋ ಬಿಸಿಲೋ ಎಂದು ಹವಾಮಾನದ ಪಟದಲ್ಲಿ ಗುರುತು ಹಾಕುವುದೂ ಮಕ್ಕಳ ಕೆಲಸವೇ.

ಗುಂಪುಗಳು ಐದು, ಆದರೆ ಅವು ತರಗತಿಯ ಲೆಕ್ಕದವಲ್ಲ. ಹೊಸದನ್ನು ಕಲಿಯುವವರು ಶಿಕ್ಷಕರ ಪಕ್ಕ. ಸ್ವಲ್ಪ ನೆರವು ಸಾಕೆನ್ನುವವರು ಅವರ ಕಣ್ಣಳತೆಯಲ್ಲಿ. ಎರಡು ಗುಂಪುಗಳಿಗೆ ಜೊತೆಯ ಮಕ್ಕಳದೇ ಆಸರೆ. ಐದನೆಯದು ತನ್ನಷ್ಟಕ್ಕೆ ತಾನು ಕಲಿಯುತ್ತದೆ. ನಿನ್ನೆ ಶಿಕ್ಷಕರ ಮಗ್ಗುಲಲ್ಲಿ ತಡವರಿಸಿದವಳು ಇಂದು ಇನ್ನೊಬ್ಬನ ಬೆರಳು ಹಿಡಿದು ‘ಮ’ ತಿದ್ದಿಸುತ್ತಾಳೆ. ಮೌಲ್ಯಮಾಪನವೂ ಏಣಿಯಲ್ಲಿ ಒಂದು ಮೆಟ್ಟಿಲು. ಬರಲಿಲ್ಲವೆಂದರೆ ನಪಾಸಲ್ಲ, ಇನ್ನೊಂದು ಕಾರ್ಡು.

ಪಾಲಕರಿಗೆ ಇದು ಒಂದೇ ಸಲಕ್ಕೆ ರುಚಿಸುವಂಥದ್ದಲ್ಲ. ಕೈಯಲ್ಲಿ ಪುಸ್ತಕವಿಲ್ಲ, ಮನೆಗೆಲಸವಿಲ್ಲ, ಹುಡುಗರು ಹಾಡುತ್ತಾರೆ, ಮೇಷ್ಟ್ರೂ ಹಾಡುತ್ತಾರೆ, ಇದೆಂಥ ಶಾಲೆ? ಈ ಆತಂಕವನ್ನು ಅಜ್ಞಾನವೆಂದು ತಳ್ಳಿಹಾಕುವಂತಿಲ್ಲ. ಮುಂದಿನ ತರಗತಿಗಳಲ್ಲಿ ಮತ್ತೆ ಪಾಠಪುಸ್ತಕ ಎದುರಾಗುತ್ತದೆ. ಏಣಿ ಅಲ್ಲಿಯವರೆಗೆ ಮುಟ್ಟದು.

2009-10ರಲ್ಲಿ ನಲಿ-ಕಲಿ ರಾಜ್ಯದ ಎಲ್ಲ ಸರ್ಕಾರಿ ಕನ್ನಡ ಶಾಲೆಗಳ ಕೆಳ ತರಗತಿಗಳಿಗೆ ಬಂತು. ಆದೇಶದ ಮೂಲಕ ಹೋದ ಯೋಜನೆಗೆ ಆಗುವುದೆಲ್ಲ ಇದಕ್ಕೂ ಆಯಿತು. ಕೋಟೆಯ ಶಿಕ್ಷಕರಿಗೆ ಕಾರ್ಡುಗಳು ತಾವೇ ಬರೆದವು. ದೂರದ ಜಿಲ್ಲೆಯವರಿಗೆ ಅವು ಮೇಲಿನಿಂದ ಬಂದ ಪೆಟ್ಟಿಗೆ. ಕಾರ್ಡು ಹರಿದರೆ ಬದಲಿ ತಡ; ಮಕ್ಕಳು ಹೆಚ್ಚಾದರೆ ಐದು ಗುಂಪು ನಿಭಾಯಿಸುವುದೇ ಸಾಹಸ. ಏಣಿಯ ಪಟ ಅಚ್ಚಾಗಿ ಎಲ್ಲ ಗೋಡೆಗಳಿಗೂ ತಲುಪಬಹುದು. ನೆಲದ ಮೇಲೆ ಕೂರುವ ಮನಸ್ಸನ್ನು ಅಚ್ಚು ಹಾಕಿಸಿ ಕಳಿಸುವುದು ಯಾವ ಇಲಾಖೆಗೂ ಆಗದು.

ಕಾಫಿ ಕೊಯ್ಲು ಮುಗಿಸಿ ಕೊಡಗಿನಿಂದ ಮರಳುವ ಹುಡುಗಿಗೆ ಈ ಜಗಳಗಳ ಗೊಡವೆಯಿಲ್ಲ. ಅವಳು ಸೀದಾ ಗೋಡೆಯ ಏಣಿಯ ಹತ್ತಿರ ಹೋಗುತ್ತಾಳೆ, ತಾನು ನಿಂತಿದ್ದ ಮೆಟ್ಟಿಲನ್ನು ಬೆರಳಿಟ್ಟು ಹುಡುಕುತ್ತಾಳೆ. ಅಕ್ಷರ ಮರೆತಿದ್ದರೂ ಅದರ ಚಿತ್ರ ನೆನಪಿರುತ್ತದೆ. ಆ ಕಾರ್ಡನ್ನು ಎತ್ತಿಕೊಂಡು ಮೇಷ್ಟ್ರ ಪಕ್ಕ ಕೂರುತ್ತಾಳೆ.